ಊರು ಬಿಟ್ಟ ಮೇಲೆ ಹಳೇ ಕ್ರೆಡಿಟ್ ಯೂನಿಯನ್ ಅಕೌಂಟ್ ಇಟ್ಟುಕೊಳ್ಳಬಹುದಾ? ಶೇರ್ಡ್ ಬ್ರಾಂಚ್ ಬಳಸಿದವರು ಹೇಳಿ

ಪ್ಲೇನೋಪುಟ್ಟಿ

ಎಲ್ಲರಿಗೂ ನಮಸ್ಕಾರ. ಇಂಡಿಯಾನಾದಲ್ಲಿ ಓದುವಾಗ ಕ್ಯಾಂಪಸ್ ಪಕ್ಕದ ಕ್ರೆಡಿಟ್ ಯೂನಿಯನ್ನಿನಲ್ಲಿ (ಸದಸ್ಯರೇ ಮಾಲೀಕರಾಗಿರುವ ಸಹಕಾರಿ ಬ್ಯಾಂಕ್ ಥರ) ಅಕೌಂಟ್ ಮಾಡಿಸಿದ್ದೆ. ಕಾರ್ ಲೋನ್ ಕೂಡ ಅಲ್ಲೇ, ಬಡ್ಡಿ ಕಡಿಮೆ ಅಂತ. ಈಗ ಕೆಲಸ ಸಿಕ್ಕಿ ಟೆಕ್ಸಾಸ್‌ಗೆ ಬಂದಿದ್ದೇವೆ. ಇಲ್ಲಿ ಅವರ ಬ್ರಾಂಚ್ ಒಂದೂ ಇಲ್ಲ. ಫೋನ್ ಮಾಡಿದರೆ "ನಿಮ್ಮ ಹತ್ತಿರದ ಶೇರ್ಡ್ ಬ್ರಾಂಚಿಗೆ ಹೋಗಿ" ಅಂತಾರೆ. ಅಂದರೆ ಬೇರೆ ಯಾವುದೋ ಕ್ರೆಡಿಟ್ ಯೂನಿಯನ್ನಿಗೆ ಹೋಗಿ ನಮ್ಮ ದುಡ್ಡು ಕೇಳಬೇಕಂತೆ. ಇದು ನಿಜವಾಗಿ ನಡೆಯುತ್ತಾ?

ಈಗ ಎರಡು ಕೆಲಸ ಆಗಬೇಕು. ಒಂದು, ಹಳೇ ಅಪಾರ್ಟ್‌ಮೆಂಟಿನವರು ಅಡ್ವಾನ್ಸ್ ವಾಪಸ್ ಚೆಕ್ ಕಳಿಸಿದ್ದಾರೆ. ಅದರಲ್ಲಿ ನನ್ನ ಹೆಸರು, ನನ್ನ ಗಂಡನ ಹೆಸರು ಎರಡೂ ಇವೆ. ಅಕೌಂಟ್ ಮಾತ್ರ ನನ್ನೊಬ್ಬಳದೇ. ಆ್ಯಪಿನಲ್ಲಿ ಫೋಟೋ ತೆಗೆದು ಹಾಕಿದರೆ ತಗೊಳ್ತಾ ಇಲ್ಲ. ಎರಡು, ಇಲ್ಲಿಯ ಹೊಸ ಅಪಾರ್ಟ್‌ಮೆಂಟಿನವರಿಗೆ ಕ್ಯಾಶಿಯರ್ಸ್ ಚೆಕ್ಕೇ (ನಮ್ಮ ಡಿಡಿ ಥರ ಬ್ಯಾಂಕೇ ಬರೆದುಕೊಡುವ ಚೆಕ್) ಬೇಕಂತೆ. ಏನು ಮಾಡಲಿ?

ಜಯನಗರ4ನೇಬ್ಲಾಕ್

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಯಾವುದಾದರೂ ದೊಡ್ಡ ಬ್ಯಾಂಕಿನಲ್ಲಿ ಅಕೌಂಟ್ ತೆರೆಯಿರಿ. ಪ್ರತಿ ಸಿಗ್ನಲ್ಲಿಗೂ ಒಂದು ಬ್ರಾಂಚ್ ಇರುತ್ತದೆ. ಈ ಸಣ್ಣ ಸೊಸೈಟಿಗಳ ಸಹವಾಸ ಯಾಕೆ?

ಕೌಂಟರ್ಅಕ್ಕ

ಪುಟ್ಟಿ, ನಾನು ಒಹಾಯೋದಲ್ಲಿ ಒಂದು ಕ್ರೆಡಿಟ್ ಯೂನಿಯನ್ ಕೌಂಟರಿನಲ್ಲಿ ಕೆಲಸ ಮಾಡಿದ್ದೆ. ಎಚ್-4 ಇಎಡಿ (ಸಂಗಾತಿಯ ವೀಸಾ ಮೇಲೆ ಬಂದವರಿಗೆ ಕೊಡುವ ಕೆಲಸದ ಅನುಮತಿ) ಬಂದ ಮೇಲೆ ಸಿಕ್ಕ ಮೊದಲ ಕೆಲಸ ಅದು. ನಮ್ಮ ಬ್ರಾಂಚಿನಲ್ಲಿ ಶೇರ್ಡ್ ಬ್ರಾಂಚಿಂಗ್ ಇತ್ತು. ಹಾಗಾಗಿ ಕೌಂಟರಿನ ಈ ಕಡೆಯಿಂದ ನೋಡಿದ್ದನ್ನು ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತದೆ.

ಇದು ನಿಜವಾಗಿಯೂ ನಡೆಯುತ್ತದೆ. ಅಮೆರಿಕದ ಸಾವಿರಾರು ಕ್ರೆಡಿಟ್ ಯೂನಿಯನ್ ಬ್ರಾಂಚುಗಳು ಒಂದು ಜಾಲಕ್ಕೆ ಸೇರಿಕೊಂಡಿವೆ. ಕೋ-ಆಪ್ ಶೇರ್ಡ್ ಬ್ರಾಂಚ್ ಅಂತ ಅದರ ಹೆಸರು. ನಡೆಸುವ ಕಂಪನಿ 2024ರಲ್ಲಿ ಅಂಥದ್ದೇ ಇನ್ನೊಂದು ಕಂಪನಿಯಾದ ಪಿಎಸ್‌ಸಿಯು ಜೊತೆ ಸೇರಿ ವೆಲೆರಾ ಎಂದು ಹೆಸರು ಬದಲಿಸಿಕೊಂಡಿತು. ಬಾಗಿಲ ಮೇಲೆ ಇನ್ನೂ ಹಳೇ ಕೋ-ಆಪ್ ಸ್ಟಿಕರ್ ಇದ್ದರೆ ಗಾಬರಿಯಾಗಬೇಡಿ. ನೀವು ಇಂಡಿಯಾನಾದ ಸದಸ್ಯೆ, ಟೆಕ್ಸಾಸಿನ ಯಾವುದೋ ಕೌಂಟರಿಗೆ ಹೋಗುತ್ತೀರಿ. ಟೆಲ್ಲರ್ ತನ್ನ ಕಂಪ್ಯೂಟರಿನಲ್ಲಿ ನಿಮ್ಮ ಯೂನಿಯನ್ ಹೆಸರು ಹುಡುಕಿ, ಮೆಂಬರ್ ನಂಬರ್ ಹಾಕುತ್ತಾರೆ. ಆ ಕೋರಿಕೆ ಜಾಲದ ಮೂಲಕ ಇಂಡಿಯಾನಾದ ಸಿಸ್ಟಮ್ಮಿಗೆ ಹೋಗಿ, ಹೌದು ಅಥವಾ ಇಲ್ಲ ಅಂತ ಉತ್ತರ ಬರುತ್ತದೆ. ಹೌದು ಅಂದರೆ ಟೆಲ್ಲರ್ ದುಡ್ಡು ಎಣಿಸಿ ಕೊಡುತ್ತಾರೆ. ಆಮೇಲೆ ಎರಡು ಯೂನಿಯನ್ನುಗಳು ತಮ್ಮೊಳಗೆ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತವೆ. ನಿಮ್ಮ ಯೂನಿಯನ್ ಆ ಬ್ರಾಂಚಿಗೆ ಪ್ರತಿ ವಹಿವಾಟಿಗೆ ಇಷ್ಟು ಅಂತ ಕೊಡುತ್ತದೆ. ಅದಕ್ಕೇ ಸಾಮಾನ್ಯವಾಗಿ ಸದಸ್ಯರಿಗೆ ಖರ್ಚಿಲ್ಲ.

ಇಲ್ಲಿ ಒಂದು ಗೊತ್ತಿರಲಿ. ಆ ಟೆಲ್ಲರಿಗೆ ನಿಮ್ಮ ಅಕೌಂಟಿನ ಮೇಲೆ ಯಾವ ಅಧಿಕಾರವೂ ಇಲ್ಲ. ಎಷ್ಟು ತೆಗೆಯಬಹುದು, ಚೆಕ್ ಎಷ್ಟು ದಿನ ಹಿಡಿದಿಡಬೇಕು, ಇದನ್ನೆಲ್ಲ ಜಾಲದ ನಿಯಮ ಮತ್ತು ನಿಮ್ಮ ಮನೆ ಯೂನಿಯನ್ ತೀರ್ಮಾನ ಮಾಡುತ್ತವೆ. ಜನ ಕೌಂಟರಿನಲ್ಲಿ ನಮ್ಮ ಮೇಲೆ ರೇಗುತ್ತಿದ್ದರು. "ನನ್ನ ದುಡ್ಡು, ಯಾಕೆ ಕೊಡಲ್ಲ?" ಅಂತ. ನಮ್ಮ ಪರದೆ ಮೇಲೆ ಒಂದು ಕೆಂಪು ಸಾಲು ಬಂದಿರುತ್ತಿತ್ತು ಅಷ್ಟೇ. ಕಾರಣ ನಮಗೂ ಕಾಣುತ್ತಿರಲಿಲ್ಲ. ಅವರ ಯೂನಿಯನ್ನಿಗೆ ಫೋನ್ ಮಾಡಿ ಅನ್ನುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಏನೇನು ಆಗುತ್ತದೆ ಅಂದರೆ, ಕ್ಯಾಶ್ ಕಟ್ಟುವುದು, ತೆಗೆಯುವುದು, ಚೆಕ್ ಹಾಕುವುದು, ಸೇವಿಂಗ್ಸಿನಿಂದ ಚೆಕಿಂಗಿಗೆ (ದಿನಬಳಕೆಯ ಖಾತೆಗೆ) ವರ್ಗ, ಕಾರ್ ಲೋನ್ ಕಂತು ಕಟ್ಟುವುದು, ಬ್ಯಾಲೆನ್ಸ್ ಕೇಳುವುದು. ಅಕೌಂಟಿಗೆ ಗಂಡನ ಹೆಸರು ಸೇರಿಸುವುದು, ಹೊಸ ಕಾರ್ಡ್, ಹೊಸ ಲೋನ್, ವೈರ್ (ಬೇರೆ ಬ್ಯಾಂಕಿಗೆ ನೇರವಾಗಿ ದುಡ್ಡು ಕಳಿಸುವುದು) ಇವೆಲ್ಲ ಆಗಲ್ಲ. ಅದಕ್ಕೆ ಇಂಡಿಯಾನಾದವರನ್ನೇ ಹಿಡಿಯಬೇಕು. ಊರಿಗೆ ದುಡ್ಡು ಕಳಿಸಲು ವೈರ್ ಬೇಕು ಅಂತ ಕೌಂಟರಿಗೆ ಬಂದು ಬೇಜಾರಾಗಿ ಹೋದ ನಮ್ಮವರೇ ಎಷ್ಟೋ ಜನ.

ಹೋಗುವಾಗ ಅವಧಿ ಮುಗಿಯದ ಫೋಟೋ ಐಡಿ, ನಿಮ್ಮ ಯೂನಿಯನ್ನಿನ ಪೂರ್ತಿ ಹೆಸರು, ಮೆಂಬರ್ ನಂಬರ್ ಇರಲಿ. ಮೆಂಬರ್ ನಂಬರ್ ಅಂದೆ. ಚೆಕ್ ಪುಸ್ತಕದ ಕೆಳಗೆ ಅಚ್ಚಾಗಿರುವ ಉದ್ದದ ನಂಬರ್ ಅಲ್ಲ. ಅದನ್ನು ಹಿಡಿದುಕೊಂಡು ಬಂದು ಸಾಲಿನಲ್ಲಿ ನಿಂತು ವಾಪಸ್ ಹೋದವರು ಬಹಳ. ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ, ವಿಳಾಸ ಕೂಡ ಕೇಳಬಹುದು. ಯೂನಿಯನ್ ಹೆಸರು ಸರಿಯಾಗಿ ಹೇಳಿ. "ಕಮ್ಯುನಿಟಿ ಫಸ್ಟ್" ಅಂತ ಹುಡುಕಿದರೆ ಅದೇ ಥರದ ಹೆಸರು ಎಷ್ಟೋ ರಾಜ್ಯಗಳಲ್ಲಿ ಸಿಗುತ್ತವೆ.

ಈಗ ನಿಮ್ಮ ಚೆಕ್. ಎರಡು ಹೆಸರಿನ ಮಧ್ಯೆ "ಆ್ಯಂಡ್" ಇದೆಯಾ "ಆರ್" ಇದೆಯಾ ನೋಡಿ. "ಆರ್" ಇದ್ದರೆ ನೀವೊಬ್ಬರೇ ಹಿಂದೆ ಸಹಿ ಹಾಕಿ ಕಟ್ಟಬಹುದು. "ಆ್ಯಂಡ್" ಇದ್ದರೆ ಇಬ್ಬರ ಸಹಿ ಬೇಕು. ಜೊತೆಗೆ ಅಕೌಂಟಿನಲ್ಲಿ ಇಬ್ಬರೂ ಇರಬೇಕು ಅಂತ ಬಹಳ ಕಡೆ ಹೇಳುತ್ತಾರೆ. ಶೇರ್ಡ್ ಬ್ರಾಂಚಿನ ಟೆಲ್ಲರ್ ಇಂಥ ಚೆಕ್ ಕಂಡರೆ ಹಿಂದೇಟು ಹಾಕುತ್ತಾರೆ. ಚೆಕ್ ವಾಪಸಾದರೆ ಅವರ ತಲೆಗೆ ಬರುತ್ತದಲ್ಲ. ಸುಲಭದ ದಾರಿ, ಮೊದಲು ಆನ್‌ಲೈನಿನಲ್ಲಿ ಗಂಡನ ಹೆಸರು ಜಾಯಿಂಟ್ ಆಗಿ ಸೇರಿಸಿ. ಈಗ ಬಹಳ ಯೂನಿಯನ್ನುಗಳು ಫೋನಿನಲ್ಲೇ ಸಹಿ ತಗೊಳ್ಳುತ್ತವೆ. ಆಮೇಲೆ ಇಬ್ಬರೂ ಐಡಿ ಹಿಡಿದುಕೊಂಡು ಒಟ್ಟಿಗೇ ಹೋಗಿ.

ಕ್ಯಾಶಿಯರ್ಸ್ ಚೆಕ್ ಕೆಲವು ಶೇರ್ಡ್ ಬ್ರಾಂಚಿನಲ್ಲಿ ಮಾಡಿಕೊಡುತ್ತಾರೆ, ಫೀಸ್ ತಗೊಂಡು. ಕೆಲವು ಕಡೆ ಇಲ್ಲ. ಹಳೇ ಅಪಾರ್ಟ್‌ಮೆಂಟಿನ ಚೆಕ್ಕಿನ ದುಡ್ಡನ್ನೇ ಹೊಸ ಅಪಾರ್ಟ್‌ಮೆಂಟಿಗೆ ಕೊಡಬೇಕು ಅಂತ ಲೆಕ್ಕ ಹಾಕಿದ್ದರೆ ಅದು ಕೈಕೊಡುತ್ತದೆ. ಶೇರ್ಡ್ ಬ್ರಾಂಚಿನಲ್ಲಿ ಹಾಕಿದ ಚೆಕ್ಕಿಗೆ ಹೋಲ್ಡ್ ಬೀಳುವುದು, ಅಂದರೆ ದುಡ್ಡು ಕೆಲವು ದಿನ ಕೈಗೆ ಸಿಗದೇ ಇರುವುದು, ಮಾಮೂಲು.

ಫ್ರೀಮಾಂಟ್_ಮಲೆನಾಡಿಗ

ಅಕ್ಕ ಬರೆದಿದ್ದಕ್ಕೆ ಒಂದೆರಡು ಸೇರಿಸ್ತೀನಿ. ಶೇರ್ಡ್ ಬ್ರಾಂಚ್ ಬೇರೆ, ಶೇರ್ಡ್ ಎಟಿಎಂ ಬೇರೆ. ಎರಡೂ ಒಂದೇ ಹೆಸರಿನಲ್ಲಿ ಓಡಾಡುವುದರಿಂದ ಜನ ಕಲಸಿಕೊಳ್ಳುತ್ತಾರೆ. ನಿಮ್ಮ ಯೂನಿಯನ್ ಎಟಿಎಂ ಜಾಲದಲ್ಲಿ ಇದ್ದು ಬ್ರಾಂಚ್ ಜಾಲದಲ್ಲಿ ಇಲ್ಲದೇ ಇರಬಹುದು. ಎಟಿಎಂ ಆದರೆ ಸುಮಾರು 30,000 ಇವೆ, ಔಷಧಿ ಅಂಗಡಿ, ಸೂಪರ್ ಮಾರ್ಕೆಟ್ ಎಲ್ಲ ಕಡೆ, ಸರ್‌ಚಾರ್ಜ್ ಇಲ್ಲ. ಬ್ರಾಂಚುಗಳು 5,000 ಆಸುಪಾಸು. ಲೊಕೇಟರಿನಲ್ಲಿ (ಹತ್ತಿರದ ಬ್ರಾಂಚ್, ಎಟಿಎಂ ತೋರಿಸುವ ಪುಟ) ಹುಡುಕುವಾಗ ಶೇರ್ಡ್ ಬ್ರಾಂಚ್ ಅನ್ನುವ ಡಬ್ಬಿಗೆ ಮಾತ್ರ ಟಿಕ್ ಹಾಕಿ. ಇಲ್ಲದಿದ್ದರೆ ಅದು ನಿಮ್ಮನ್ನು ಯಾವುದೋ ಪೆಟ್ರೋಲ್ ಬಂಕಿನ ಎಟಿಎಂ ಮುಂದೆ ನಿಲ್ಲಿಸುತ್ತದೆ. ಡ್ರೈವ್-ಥ್ರೂನಲ್ಲೂ ಬಹಳ ಕಡೆ ಶೇರ್ಡ್ ಬ್ರಾಂಚ್ ಕೆಲಸ ಮಾಡಲ್ಲ. ಕಾರಿನಿಂದ ಇಳಿದು ಒಳಗೆ ಹೋಗಬೇಕು.

ಇನ್ನೊಂದು ನಮ್ಮವರ ತೊಂದರೆ, ಹೆಸರು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಹಾಗಾಗಿ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ, ಮೊದಲ ಹೆಸರು ಗೊತ್ತಿಲ್ಲ ಅನ್ನುವ ಅರ್ಥದಲ್ಲಿ, ಎಫ್‌ಎನ್‌ಯು ಅಂತ ಬಂತು. ಡಿಎಂವಿ ಲೈಸೆನ್ಸಿನಲ್ಲೂ ಅದೇ ಕೂತಿತು. ಕ್ರೆಡಿಟ್ ಯೂನಿಯನ್ನಿನಲ್ಲಿ ಮಾತ್ರ ಅಪ್ಪನ ಹೆಸರು ಕೊನೆಗೆ ಸೇರಿಸಿ ಬರೆದುಕೊಂಡಿದ್ದರು. ನಮ್ಮೂರಿನ ಬ್ರಾಂಚಿನಲ್ಲಿ ಮುಖ ಗೊತ್ತು, ನಡೀತಿತ್ತು. ಶೇರ್ಡ್ ಬ್ರಾಂಚಿನ ಟೆಲ್ಲರಿಗೆ ಪರದೆ ಮೇಲಿನ ಹೆಸರು ಮತ್ತು ಕೈಯಲ್ಲಿರುವ ಕಾರ್ಡ್, ಎರಡೇ ಆಧಾರ. ಹೊಂದಲಿಲ್ಲ, ದುಡ್ಡು ಕೊಡಲಿಲ್ಲ. ಊರು ಬದಲಿಸುವ ಮೊದಲೇ ಇದನ್ನು ಸರಿ ಮಾಡಿಸಿಕೊಳ್ಳಿ.

ಎಚ್-1ಬಿಯವರು ಲೈಸೆನ್ಸ್ ಅವಧಿ ಕೂಡ ನೋಡಿಕೊಳ್ಳಿ. ನಮ್ಮ ಲೈಸೆನ್ಸ್ ವೀಸಾ ಕಾಗದದ ದಿನಾಂಕಕ್ಕೇ ಮುಗಿಯುತ್ತದೆ. ಎಕ್ಸ್‌ಟೆನ್ಶನ್ ಬರುವವರೆಗೆ ತಾತ್ಕಾಲಿಕ ಕಾಗದ ಹಿಡಿದು ಓಡಾಡುತ್ತೇವಲ್ಲ, ಅದನ್ನು ಕೌಂಟರಿನಲ್ಲಿ ಒಪ್ಪುವುದು ಕಷ್ಟ. ಪಾಸ್‌ಪೋರ್ಟ್ ಜೊತೆಗಿರಲಿ.

ಗದಗಿನಗೆಳೆಯ

ಜಯನಗರದ ಸರ್, ಸೊಸೈಟಿ ಅಂತ ಹಗುರ ಮಾಡಬ್ಯಾಡ್ರಿ. 😄 ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಶುರುವಾಗಿತ್ತು. ಸಿದ್ದನಗೌಡ ಪಾಟೀಲರು ಕಟ್ಟಿದ್ದು. 1904ರ ಕಾನೂನು ಬಂದ ಮೇಲೆ ದೇಶದ ಮೊದಲ ಕೃಷಿ ಪತ್ತಿನ ಸಂಘ ಅದು. ಅಮೆರಿಕದ ಕ್ರೆಡಿಟ್ ಯೂನಿಯನ್ನುಗಳಿಗೂ ಭಾರತದ ನಂಟು ಇದೆ. ಎಡ್ವರ್ಡ್ ಫೈಲೀನ್ ಅಂತ ಬೋಸ್ಟನ್ನಿನ ದೊಡ್ಡ ಅಂಗಡಿ ಮಾಲೀಕ. 1907ರಲ್ಲಿ ಭಾರತಕ್ಕೆ ಬಂದಾಗ ಹಳ್ಳಿಯ ಪತ್ತಿನ ಸಂಘಗಳನ್ನು ನೋಡಿ ಮೆಚ್ಚಿ ಹೋದ. 1909ರಲ್ಲಿ ಮ್ಯಾಸಚೂಸೆಟ್ಸ್ ಕಾನೂನು ಬಂತು, 1934ರಲ್ಲಿ ಇಡೀ ದೇಶಕ್ಕೆ. ಅಂದರೆ ನಮ್ಮ ಗದಗಿನಿಂದಲೇ ಹೋಗಿದ್ದು ಅನ್ನಬಹುದು ಅಲ್ವಾ!

ಕ್ಯೂಬೆಕ್‌ಕನ್ನಡಿಗ

ಗೆಳೆಯರೇ, ಫೈಲೀನ್ ನೋಡಿದ್ದು ಬಂಗಾಳದ ಹಳ್ಳಿಗಳನ್ನು. ಗದಗಿಗೆ ಎಳೆಯಬೇಡಿ. ಅದಕ್ಕಿಂತ ಮೊದಲೇ, 1900ರಲ್ಲಿ, ಇಲ್ಲಿ ಕ್ಯೂಬೆಕ್‌ನ ಲೆವಿಯಲ್ಲಿ ಆಲ್ಫೋನ್ಸ್ ದೆಜಾರ್ಡಾಂ ಇಂಥದ್ದೇ ಸಂಘ ಶುರು ಮಾಡಿದ್ದರು. ಅಮೆರಿಕದ ಮೊದಲನೆಯದು ನ್ಯೂ ಹ್ಯಾಂಪ್‌ಶೈರಿನ ಮ್ಯಾಂಚೆಸ್ಟರ್‌ನಲ್ಲಿ ಆಗಿದ್ದೂ ಅವರ ಸಹಾಯದಿಂದಲೇ. ಕಣಗಿನಹಾಳದ ಹೆಮ್ಮೆ ಕಣಗಿನಹಾಳಕ್ಕೇ ಸಾಕಷ್ಟಿದೆ, ಬೋಸ್ಟನ್ ಯಾಕೆ ಬೇಕು?

ಜಯನಗರ4ನೇಬ್ಲಾಕ್

ಇತಿಹಾಸ ಚೆನ್ನಾಗಿದೆ. ಆದರೆ 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿಗೆ ಆರ್‌ಬಿಐ ಕಡಿವಾಣ ಹಾಕಿದ್ದು ನೆನಪಿದೆಯಾ? ಒಬ್ಬರಿಗೆ 35,000 ರೂಪಾಯಿ ಮಾತ್ರ ಕೊಡಬಹುದು ಅಂತ. ನಿವೃತ್ತಿ ದುಡ್ಡು ಇಟ್ಟಿದ್ದ ಹಿರಿಯರು ಬಾಗಿಲ ಮುಂದೆ ಸಾಲು ನಿಂತಿದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಸಹಕಾರಿ ಅಂದರೆ ನನಗೆ ಅದೇ ಕಣ್ಣಿಗೆ ಬರುತ್ತದೆ. ಅದರ ಮೇಲೆ ನನ್ನ ದುಡ್ಡನ್ನು ಗೊತ್ತಿಲ್ಲದ ಇನ್ನೊಂದು ಯೂನಿಯನ್ನಿನ ಕೌಂಟರಿನಲ್ಲಿ ಕಟ್ಟುವುದು! ಅದು ಮುಳುಗಿದರೆ?

ಕೌಂಟರ್ಅಕ್ಕ

ನಿಮ್ಮ ಭಯ ಅರ್ಥ ಆಗುತ್ತದೆ ಸರ್, ನಮ್ಮ ಮನೆಯಲ್ಲೂ ಅಪ್ಪ ಇದನ್ನೇ ಕೇಳಿದ್ದರು. ಇಲ್ಲಿ ಎನ್‌ಸಿಯುಎ ಅಂತ ಫೆಡರಲ್ ಸಂಸ್ಥೆ ಇದೆ. ಅದರ ವಿಮೆ ಇರುವ ಯೂನಿಯನ್ನಿನಲ್ಲಿ ಒಬ್ಬರಿಗೆ 2,50,000 ಡಾಲರ್‌ವರೆಗೆ ರಕ್ಷಣೆ. ಬ್ಯಾಂಕುಗಳಿಗೆ ಎಫ್‌ಡಿಐಸಿ ಕೊಡುವಷ್ಟೇ. ಭಾರತದಲ್ಲಿ ಈ ಮಿತಿ 5 ಲಕ್ಷ ರೂಪಾಯಿ, ಅದೂ 2020ರ ಫೆಬ್ರವರಿಯಿಂದ. ಅದಕ್ಕೆ ಮೊದಲು 1 ಲಕ್ಷ ಇತ್ತು.

ಇನ್ನೊಂದು, ನೀವು ಕಟ್ಟಿದ ದುಡ್ಡು ನೀವು ಹೋದ ಆ ಬೇರೆ ಬ್ರಾಂಚಿನ ಠೇವಣಿ ಆಗಲ್ಲ. ಅದು ನಿಮ್ಮ ಯೂನಿಯನ್ನಿನ ಲೆಕ್ಕಕ್ಕೇ ಬೀಳುತ್ತದೆ. ವಿಮೆಯೂ ಅಲ್ಲಿಯದೇ. ಶೇರ್ಡ್ ಬ್ರಾಂಚ್ ಅಂದರೆ ನೆಂಟರ ಮನೆ ಫೋನಿನಿಂದ ನಮ್ಮ ಮನೆಗೆ ಮಾತಾಡಿದ ಹಾಗೆ. ಮಾತೆಲ್ಲ ನಮ್ಮ ಮನೆಯವರ ಜೊತೆಗೇ.

ಒಂದು ಮಾತು ಒಪ್ತೀನಿ. ಕೆಲವು ರಾಜ್ಯಗಳಲ್ಲಿ ಎನ್‌ಸಿಯುಎ ಬದಲು ಖಾಸಗಿ ವಿಮೆ ಇರುವ ಯೂನಿಯನ್ನುಗಳೂ ಇವೆ. ಅಲ್ಲಿ ಸರ್ಕಾರದ ಖಾತ್ರಿ ಇರಲ್ಲ. ಬಾಗಿಲ ಮೇಲೆ ಎನ್‌ಸಿಯುಎ ಫಲಕ ಇದೆಯಾ ನೋಡಿಕೊಳ್ಳಿ.

ಸಿಯಾಟಲ್‌ಸೋನೆಮಳೆ

ಎಲ್ಲರೂ ಹೊಗಳುತ್ತಿದ್ದೀರಿ, ಇನ್ನೊಂದು ಮುಖ ನಾನು ಹೇಳ್ತೀನಿ. ನನ್ನ ಅಕೌಂಟಿನಿಂದ ನಾನು ಕಾಲಿಡದ ರಾಜ್ಯದ ಶೇರ್ಡ್ ಬ್ರಾಂಚಿನಲ್ಲಿ ಯಾರೋ ದುಡ್ಡು ತೆಗೆದಿದ್ದರು. ನನ್ನ ಹೆಸರಿನ ನಕಲಿ ಲೈಸೆನ್ಸ್, ಅವರ ಫೋಟೋ. ಮೆಂಬರ್ ನಂಬರ್ ಎಲ್ಲಿಂದ ಸೋರಿತೋ ಗೊತ್ತಿಲ್ಲ. ದುಡ್ಡು ವಾಪಸ್ ಬಂತು ನಿಜ. ಆದರೆ ಅಫಿಡವಿಟ್, ಪೊಲೀಸ್ ರಿಪೋರ್ಟ್, ಹೊಸ ಅಕೌಂಟ್ ನಂಬರ್, ಸಂಬಳದ ಡೈರೆಕ್ಟ್ ಡೆಪಾಸಿಟ್ ಬದಲಾವಣೆ ಎಲ್ಲ ಮುಗಿಯುವ ಹೊತ್ತಿಗೆ ಸುಸ್ತಾಗಿ ಹೋಯಿತು. ನಮ್ಮ ಯೂನಿಯನ್ನಿನವರು ಕೊನೆಗೆ ಹೇಳಿದ್ದು, "ಬೇಡವಾದರೆ ಶೇರ್ಡ್ ಬ್ರಾಂಚಿಂಗ್ ಬಂದ್ ಮಾಡಿಸಬಹುದು." ಇದನ್ನು ಮೊದಲೇ ಹೇಳಬಾರದಿತ್ತಾ?

ಇದು ನನಗೊಬ್ಬಳಿಗೆ ಆಗಿದ್ದಲ್ಲ. ಗುರುತಿನವರಿಲ್ಲದ ಕೌಂಟರಿಗೇ ಕಳ್ಳರು ಹೋಗುತ್ತಾರೆ. ನಿಮ್ಮನ್ನು ದಿನಾ ನೋಡುವ ಟೆಲ್ಲರ್ ಅಲ್ಲಿ ಇರಲ್ಲ.

ಕೌಂಟರ್ಅಕ್ಕ

ಸೋನೆಮಳೆ ಹೇಳಿದ್ದು ಪೂರ್ತಿ ನಿಜ. ನಮಗೆ ಈ ಬಗ್ಗೆ ಟ್ರೇನಿಂಗೇ ಕೊಡುತ್ತಿದ್ದರು. ದೂರದ ರಾಜ್ಯದ ಸದಸ್ಯ, ದೊಡ್ಡ ಕ್ಯಾಶ್, ಮುಚ್ಚುವ ಹೊತ್ತಿಗೆ ಅವಸರ, ಇವೆಲ್ಲ ಕಂಡರೆ ಮ್ಯಾನೇಜರನ್ನು ಕರೆಯಬೇಕಿತ್ತು. ಪ್ರಾಮಾಣಿಕರಿಗೆ ಇದರಿಂದ ಮುಜುಗರ ಆಗುತ್ತದೆ, ಹೊಸ ಊರಿಗೆ ಬಂದವರೆಲ್ಲ ಹಾಗೇ ಕಾಣುತ್ತಾರಲ್ಲ! ಅದಕ್ಕೇ ಬಹಳ ಯೂನಿಯನ್ನುಗಳು ದಿನದ ಮಿತಿಯನ್ನು ಕಡಿಮೆ ಇಟ್ಟಿರುತ್ತವೆ. ಕೆಲವು ಕಡೆ 500 ಡಾಲರ್, ಕೆಲವು ಕಡೆ ಜಾಸ್ತಿ. ವಿಳಾಸ ಅಥವಾ ಫೋನ್ ನಂಬರ್ ಬದಲಿಸಿದ ಕೂಡಲೇ ಕೆಲವು ದಿನ ಶೇರ್ಡ್ ಬ್ರಾಂಚಿನಲ್ಲಿ ಕ್ಯಾಶ್ ಕೊಡದ ಯೂನಿಯನ್ನುಗಳೂ ಇವೆ. ಪುಟ್ಟಿ, ಇದು ನಿಮಗೇ ಅನ್ವಯಿಸುತ್ತದೆ. ಟೆಕ್ಸಾಸ್ ವಿಳಾಸ ಈಗಲೇ ಹಾಕಿ, ಕೌಂಟರಿಗೆ ಹೋಗುವ ಹಿಂದಿನ ರಾತ್ರಿ ಅಲ್ಲ.

ಬಳಸದವರು ಬಂದ್ ಮಾಡಿಸಿ. ಬಳಸುವವರು ಅಲರ್ಟ್ ಹಾಕಿಕೊಳ್ಳಿ.

ಆಸ್ಟಿನ್‌ಅರಳೀಕಟ್ಟೆ

ಸಂಬಂಧ ಇರುವ ಪ್ರಶ್ನೆ. ನನ್ನ ಹಳೇ ಕ್ಯಾಮ್ರಿ ಮಾರಿದೆ. ಕೊಂಡವರು 12,000 ಡಾಲರ್ ಕ್ಯಾಶ್ ಕೊಟ್ಟಿದ್ದಾರೆ. ಶೇರ್ಡ್ ಬ್ರಾಂಚಿನಲ್ಲಿ ಕಟ್ಟಬಹುದಾ? ಸ್ನೇಹಿತರೊಬ್ಬರು ಎರಡು ಬ್ರಾಂಚಿನಲ್ಲಿ ಅರ್ಧ ಅರ್ಧ ಕಟ್ಟು, ತಂಟೆ ಇರಲ್ಲ ಅಂತಾರೆ.

ಕೌಂಟರ್ಅಕ್ಕ

ಅಯ್ಯೋ, ಬೇಡ. ದಿನಕ್ಕೆ 10,000 ಡಾಲರ್ ಮೀರಿದ ಕ್ಯಾಶಿಗೆ ಒಂದು ವರದಿ ಹೋಗುತ್ತದೆ. ಅದು ಟೆಲ್ಲರ್ ತುಂಬುವ ಕಾಗದ, ನಿಮಗೆ ದಂಡವೂ ಇಲ್ಲ, ತೆರಿಗೆಯೂ ಇಲ್ಲ. ಆ ವರದಿ ತಪ್ಪಿಸಲು ಒಡೆದು ಕಟ್ಟುವುದೇ ಇಲ್ಲಿ ಅಪರಾಧ, ದುಡ್ಡು ಎಷ್ಟೇ ಸಾಚಾ ಇರಲಿ. ಕಾರ್ ಮಾರಿದ ರಸೀದಿ ಇಟ್ಟುಕೊಂಡು ಒಂದೇ ಸಲ ಕಟ್ಟಿ. ಅಷ್ಟು ಕ್ಯಾಶನ್ನು ಅತಿಥಿ ಸದಸ್ಯರಿಂದ ತಗೊಳ್ಳುತ್ತಾರಾ ಅಂತ ಆ ಬ್ರಾಂಚಿಗೆ ಮೊದಲು ಫೋನ್ ಮಾಡಿ.

ಮೈಸೂರುಮಲ್ಲಿಗೆ62

ಮಗನ ಮನೆಗೆ ಬಂದಿದ್ದೇನೆ, ಅವನೇ ಈ ಚರ್ಚೆ ತೋರಿಸಿದ. ನಾನು ಬ್ಯಾಂಕಿನಲ್ಲೇ ಇದ್ದು ನಿವೃತ್ತನಾದವನು. ಓದುವಾಗ ನಮ್ಮ ಎಇಪಿಎಸ್ ನೆನಪಾಯಿತು. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರನ ಹತ್ತಿರ ಆಧಾರ್ ನಂಬರ್ ಹೇಳಿ ಬೆರಳಿಟ್ಟರೆ ಯಾವ ಬ್ಯಾಂಕಿನ ಅಕೌಂಟಿನಿಂದಲೂ ದುಡ್ಡು ತೆಗೆಯಬಹುದು. ಎನ್‌ಪಿಸಿಐ ನಡೆಸುವ ಜಾಲ. ಅಲ್ಲಿಯೂ ಕೌಂಟರ್ ಒಬ್ಬರದು, ಅಕೌಂಟ್ ಇನ್ನೊಬ್ಬರದು. ಕಳ್ಳತನವೂ ಇದೆ, ಬೆರಳಚ್ಚು ನಕಲು ಮಾಡಿ ತೆಗೆದ ಪ್ರಕರಣಗಳಾಗಿವೆ. ಅದಕ್ಕೇ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಅಂತ ಯುಐಡಿಎಐ ಅವರೇ ಸೌಲಭ್ಯ ಕೊಟ್ಟಿದ್ದಾರೆ. ಇಲ್ಲಿ ಬೆರಳಿನ ಬದಲು ಲೈಸೆನ್ಸ್ ನೋಡುತ್ತಾರೆ ಅಂದಹಾಗಾಯಿತು.

ನನಗೆ ಮೆಚ್ಚುಗೆಯಾದದ್ದು ಬೇರೆ. ಒಂದೇ ಊರಿನಲ್ಲಿ ಒಬ್ಬರಿಗೊಬ್ಬರು ಪೈಪೋಟಿ ಮಾಡುವ ಸಂಸ್ಥೆಗಳು ತಮ್ಮ ಕೌಂಟರನ್ನು ಇನ್ನೊಬ್ಬರ ಗ್ರಾಹಕರಿಗೆ ಬಿಟ್ಟುಕೊಡುವುದು. ನಮ್ಮ ಕಾಲದ ಮ್ಯಾನೇಜರುಗಳು ಪಕ್ಕದ ಬ್ಯಾಂಕಿನ ಗ್ರಾಹಕರಿಗೆ ಕುಡಿಯಲು ನೀರೂ ಕೊಡುತ್ತಿರಲಿಲ್ಲ.

ಫ್ರೀಮಾಂಟ್_ಮಲೆನಾಡಿಗ

ಅಂಕಲ್ 😂

ಪ್ಲೇನೋಪುಟ್ಟಿ

ಎಲ್ಲರಿಗೂ ಥ್ಯಾಂಕ್ಸ್. ಚೆಕ್ಕಿನಲ್ಲಿ "ಆ್ಯಂಡ್" ಅಂತಲೇ ಇದೆ. ಗಂಡನ ಹೆಸರು ಸೇರಿಸಲು ಅರ್ಜಿ ಹಾಕಿದ್ದೇನೆ. ವಿಳಾಸವೂ ಬದಲಿಸಿದೆ. ಇಲ್ಲಿ ಒಂದು ಅಕೌಂಟ್ ತೆರೆದು, ಎಲ್ಲ ದುಡ್ಡು ಅಲ್ಲಿಗೆ ಹಾಕಿ, ಇಂಡಿಯಾನಾದ್ದನ್ನು ಖಾಲಿ ಬಿಡೋಣ ಅಂತ ನಮ್ಮವರು ಅಂತಾರೆ. ಬರೀ ಕಾರ್ ಲೋನ್ ಇದ್ದರೆ ಸಾಕಲ್ಲ?

ಕೌಂಟರ್ಅಕ್ಕ

ಪೂರ್ತಿ ಖಾಲಿ ಮಾಡಬೇಡಿ. ಸೇರುವಾಗ ಸೇವಿಂಗ್ಸಿನಲ್ಲಿ 5 ಡಾಲರೋ ಎಷ್ಟೋ ಇಟ್ಟಿದ್ದಿರಲ್ಲ, ಅದು ನಿಮ್ಮ ಶೇರು. ಅದು ಇದ್ದರೆ ನೀವು ಸದಸ್ಯರು, ಊರು ಬಿಟ್ಟರೂ ಬಹಳ ಯೂನಿಯನ್ನುಗಳಲ್ಲಿ ಸದಸ್ಯತ್ವ ಉಳಿಯುತ್ತದೆ. ಕಾರ್ ಲೋನಿಗೆ ಆಟೋ ಪೇ ಇದ್ದರೆ ಬಡ್ಡಿ ರಿಯಾಯಿತಿ ಕೊಟ್ಟಿರುತ್ತಾರೆ. ಚೆಕಿಂಗ್ ಮುಚ್ಚಿದರೆ ಅದು ಹೋಗಬಹುದು, ಲೋನ್ ಕಾಗದ ಓದಿ. ವರ್ಷಗಟ್ಟಲೆ ಮುಟ್ಟದೇ ಬಿಟ್ಟರೆ ಇನ್‌ಆ್ಯಕ್ಟಿವ್ ಫೀಸ್ ಕೂಡ ಹಾಕುವವರಿದ್ದಾರೆ.

ಇಲ್ಲಿ ಇನ್ನೊಂದು ಅಕೌಂಟ್ ತೆರೆಯುವುದು ಒಳ್ಳೆಯದೇ. ಜಯನಗರದ ಸರ್ ಹೇಳಿದ್ದರಲ್ಲಿ ಅಷ್ಟು ನಿಜ ಇದೆ. ಬಾಡಿಗೆ, ಕ್ಯಾಶಿಯರ್ಸ್ ಚೆಕ್, ನೋಟರಿ ಇಂಥದ್ದಕ್ಕೆ ನಡೆದು ಹೋಗುವಷ್ಟು ಹತ್ತಿರ ಒಂದು ಸ್ವಂತ ಕೌಂಟರ್ ಬೇಕು. ಟೆಕ್ಸಾಸಿನಲ್ಲೂ ಕ್ರೆಡಿಟ್ ಯೂನಿಯನ್ನುಗಳು ಬೇಕಾದಷ್ಟಿವೆ, ದೊಡ್ಡ ಬ್ಯಾಂಕೇ ಆಗಬೇಕಿಲ್ಲ.

ಜಯನಗರ4ನೇಬ್ಲಾಕ್

ಅಷ್ಟಾದರೂ ಒಪ್ಪಿದಿರಲ್ಲ.

ಪ್ಲೇನೋಪುಟ್ಟಿ

ಅಕ್ಕ, ಕೊನೆಯ ಪ್ರಶ್ನೆ. ಇಬ್ಬರಿಗೂ ರಜೆ ಇರುವುದು ಶನಿವಾರ. ಲೊಕೇಟರಿನಲ್ಲಿ ಹತ್ತಿರದ ಬ್ರಾಂಚ್ ಶನಿವಾರ ತೆರೆದಿರುತ್ತೆ ಅಂತ ಇದೆ. ನಂಬಬಹುದಾ?

ಕೌಂಟರ್ಅಕ್ಕ

ಫೋನ್ ಮಾಡಿಯೇ ಹೋಗಿ. ಲೊಕೇಟರಿನಲ್ಲಿ ಹಳೇ ಮಾಹಿತಿ ಇರುತ್ತದೆ. ಶನಿವಾರ ಡ್ರೈವ್-ಥ್ರೂ ಮಾತ್ರ ತೆರೆಯುವ ಬ್ರಾಂಚುಗಳು ಬಹಳ, ಒಳಗಿನ ಕೌಂಟರ್ ಮುಚ್ಚಿರುತ್ತದೆ. ಫೋನಿನಲ್ಲಿ "ಶೇರ್ಡ್ ಬ್ರಾಂಚ್ ಗೆಸ್ಟ್‌ಗಳನ್ನು ಶನಿವಾರ ಲಾಬಿಯಲ್ಲಿ ನೋಡ್ತೀರಾ" ಅಂತಲೇ ಕೇಳಿ. ಆಮೇಲೆ ಇಬ್ಬರ ಹೆಸರಿನ ಚೆಕ್ ವಿಷಯ ಹೇಳಿ, ಅದರ ಮೊತ್ತವನ್ನೂ ಹೇಳಿ. ಸೋಮವಾರ ಫೆಡರಲ್ ರಜೆ ಇದ್ದರೆ ಹೋಲ್ಡಿನ ಲೆಕ್ಕಕ್ಕೆ ಆ ದಿನ ಸೇರಲ್ಲ, ನೆನಪಿರಲಿ.